ವಿಷ ಯಾರದು, ಉಣ್ಣುವವರು ಯಾರು?

ವೃಷಭಾವತಿ ಒಂದು ಕಾಲಕ್ಕೆ ನದಿಯಾಗಿತ್ತು. ಬಸವನಗುಡಿಯ ಬಸವಣ್ಣನ ಪಾದದಡಿ ಹುಟ್ಟಿತೆಂದು ಜನ ಹೇಳುವ ಆ ಹೊಳೆ ಇಂದು ಬೆಂಗಳೂರಿನ ಚರಂಡಿಯನ್ನೂ ಕಾರ್ಖಾನೆಗಳ ಕೊಳೆಯನ್ನೂ ಹೊತ್ತು, ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ಸೇರುತ್ತದೆ. ಬೇಸಾಯಕ್ಕೆಂದೇ ಕಟ್ಟಿದ ಕೆರೆ ಅದು. ಅದರ ನೀರಿನಲ್ಲಿ ರೈತರು ದಶಕಗಳಿಂದ ಭತ್ತ, ಮೇವು, ಜೋಳ ಬೆಳೆದಿದ್ದಾರೆ.

ಇಂಥ ನೀರು ಹಾಯಿಸುವ ರೈತನನ್ನೂ, ಅವನ ಸೊಪ್ಪು ಮಾರುವ ತಳ್ಳುಗಾಡಿಯವನನ್ನೂ ಬಯ್ಯುವ ದೊಡ್ಡ ಮನುಷ್ಯರುಂಟು. ನಾವು ಆ ಮಾತನ್ನು ಒಪ್ಪುವುದಿಲ್ಲ. ಮಳೆ ಕೈಕೊಟ್ಟರೂ ಬತ್ತದ ನೀರು ಇದೊಂದೇ. ಇದರಲ್ಲಿರುವ ಸಾರದಿಂದ ಗೊಬ್ಬರದ ಖರ್ಚೂ ಉಳಿಯುತ್ತದೆ. ಬಡ ರೈತ ಬೇರೆ ಏನು ಮಾಡಬೇಕಿತ್ತು?

ಬರಿಯ ಊರ ಕೊಳಚೆಯಾದರೆ ಅದನ್ನು ಶುದ್ಧಿ ಮಾಡುವ ಮಾರ್ಗವುಂಟು. ಅದರ ರೋಗಾಣುಗಳು ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಆದರೆ ಕಾರ್ಖಾನೆಯಿಂದ ಬರುವ ಸೀಸ, ಕ್ಯಾಡ್ಮಿಯಮ್, ಕ್ರೋಮಿಯಮ್ ಬೆಂಕಿಗೆ ಬಗ್ಗುವಂಥವಲ್ಲ. ವರ್ಷವರ್ಷವೂ ಅವು ಮಣ್ಣಿನಲ್ಲಿ ಕೂಡುತ್ತ ಹೋಗುತ್ತವೆ. ಕ್ಯಾಡ್ಮಿಯಮ್ಮನ್ನಂತೂ ಸೊಪ್ಪು ಬೇರಿನಿಂದಲೇ ಹೀರಿ ಎಲೆಗೇರಿಸುತ್ತದೆ. ಎಲೆಯನ್ನು ಎಷ್ಟು ತೊಳೆದರೇನು? ಲೋಹಕ್ಕೆ ಕ್ರೋಮಿಯಮ್ ಲೇಪ ಹಾಕುವ ತೊಟ್ಟಿಯ ಆವಿ ಮೊದಲು ಅಲ್ಲಿ ದುಡಿಯುವ ಕಾರ್ಮಿಕನ ಮೂಗಿನೊಳಗೆ ಹುಣ್ಣು ಮಾಡುತ್ತದೆ. ಅದೇ ತೊಟ್ಟಿಯ ಕೊಳೆನೀರನ್ನು ಹೊಳೆಗೆ ಬಿಟ್ಟರೆ, ಅದು ರೈತನ ಹೊಲವನ್ನು ಹಿಡಿಯುತ್ತದೆ. ಧಣಿ ಒಬ್ಬನೇ, ಪೆಟ್ಟು ಎರಡು ಕಡೆ.

ಜಪಾನಿನ ಅನುಭವ ನಮ್ಮ ಮುಂದಿದೆ. ಅಲ್ಲಿನ ಜಿಂಜೂ ನದಿಗೆ ಸತುವಿನ ಗಣಿಯೊಂದು ಕ್ಯಾಡ್ಮಿಯಮ್ ಹರಿಯಬಿಟ್ಟಿತು. ನದಿಯ ನೀರುಂಡ ಗದ್ದೆಯ ಅಕ್ಕಿ ತಿಂದ ಹೆಂಗಸರ ಮೂಳೆಗಳು ತಾವಾಗಿ ಮುರಿದವು. ನೋವಿನ ಕೂಗೇ ಆ ರೋಗದ ಹೆಸರಾಯಿತು: 'ಇತಾಯಿ ಇತಾಯಿ'. 1968ರಲ್ಲಿ ಸರ್ಕಾರ ಸತ್ಯವನ್ನು ಒಪ್ಪಿತು. 1971ರಲ್ಲಿ ರೋಗಿಗಳು ನ್ಯಾಯಾಲಯದಲ್ಲಿ ಕಂಪನಿಯ ವಿರುದ್ಧ ಗೆದ್ದರು. ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ 1979ರಲ್ಲಿ ಶುರುವಾಗಿ ಮುಗಿದದ್ದು 2012ರಲ್ಲಿ. ಕೆಡಿಸಿದ ಮಣ್ಣನ್ನು ತಿದ್ದಲು ಮೂವತ್ತಮೂರು ವರ್ಷ!

ಇದು ರಾಜಧಾನಿಯ ಗೋಳು, ನಮಗೇನು ಎಂದು ಯಾರೂ ಸುಮ್ಮನಿರುವಂತಿಲ್ಲ. ಹುಬ್ಬಳ್ಳಿ-ಧಾರವಾಡದ ಹಳ್ಳಗಳ ದಂಡೆಯಲ್ಲೂ ಕೊಳಚೆ ನೀರಿನ ಬೇಸಾಯ ನಡೆದುಬಂದಿದೆ. ಪಾಳಿ ಮುಗಿಸಿ ಬರುವಾಗ ಅಗ್ಗದ ಒಂದು ಕಟ್ಟು ಸೊಪ್ಪು ಕೊಳ್ಳುವವರು ನಾವೇ. ಬೇರೆ ಕಡೆಯ ತರಕಾರಿಯನ್ನು ಆರಿಸಿ ತರಿಸಿಕೊಳ್ಳುವ ಅನುಕೂಲ ಉಳ್ಳವರಿಗೆ ಮಾತ್ರ.

ಜಲಮಾಲಿನ್ಯ ತಡೆಯ ಕಾನೂನು ಬಂದದ್ದು 1974ರಲ್ಲಿ. ಕೆಡಿಸಿದವನೇ ಖರ್ಚು ತೆರಬೇಕೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯ 1996ರಲ್ಲಿಯೇ ಎತ್ತಿಹಿಡಿದಿದೆ. ಕೊರತೆಯಿರುವುದು ಕಾನೂನಿನದಲ್ಲ, ಧೈರ್ಯದ್ದು.

ನಮ್ಮ ಬೇಡಿಕೆ ಇಷ್ಟೆ: ಲೋಹದ ವಿಷವನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯಿರಿ, ಊರ ಚರಂಡಿಗೆ ಬೆರೆಯಲು ಬಿಡಬೇಡಿ. ಕೊಳಚೆ ಹರಿಯುವ ಹೊಲಗಳ ಮಣ್ಣು, ನೀರು, ಬೆಳೆಗಳನ್ನು ಸರ್ಕಾರದ ಖರ್ಚಿನಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯತಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಿರಿ. ಮಣ್ಣು ಕೆಟ್ಟ ಕಡೆ ಹೂವು, ಹತ್ತಿಯಂಥ ಉಣ್ಣದ ಬೆಳೆಗೆ ತಿರುಗುವ ರೈತನಿಗೆ ನಷ್ಟ ತುಂಬಿಕೊಡಿರಿ. ಆ ಹಣವನ್ನು ಕೆಡಿಸಿದವರಿಂದ ವಸೂಲು ಮಾಡಿರಿ.

ಲಾಭ ಧಣಿಯ ಪೆಟ್ಟಿಗೆಗೆ, ವಿಷ ಬಡವನ ತಟ್ಟೆಗೆ ಎಂಬ ಈ ಹಂಚಿಕೆಯನ್ನು ನಾವು ಒಪ್ಪೆವು. ಗಿರಣಿಯ ಕಾರ್ಮಿಕ, ಸಂತೆಯ ವ್ಯಾಪಾರಿ, ಹೊಲದ ರೈತ ಮೂವರೂ ಕೂಡಿ ಕೇಳಿದರೆ ಉತ್ತರ ಕೊಡದೆ ಗತಿಯಿಲ್ಲ.