ಹೊಸ ಟಯರ್ ಯಾವ ಚಕ್ರಕ್ಕೆ?



ಅಕ್ಕಿ ಕೊಳ್ಳುವಾಗ ನಾವು ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತೇವೆ. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುತ್ತೇವೆ. ಆದರೆ ಮನೆಮಂದಿಯನ್ನೆಲ್ಲ ಹೊತ್ತು ತಿರುಗುವ ಕಾರಿಗೆ ಟಯರ್ ಹಾಕಿಸುವ ದಿನ ‘ಅದು ಗಂಡಸರ ಕೆಲಸ’ ಎಂದು ಸುಮ್ಮನಾಗುತ್ತೇವೆ. ನಾನೂ ಹಾಗೆಯೇ ಇದ್ದೆ. ಒಂದು ಮಳೆಗಾಲ ನನಗೆ ಪಾಠ ಕಲಿಸಿತು.

ನಮ್ಮದು ಹಳೆಯ ಸಣ್ಣ ಕಾರು. ನಾಲ್ಕೂ ಟಯರುಗಳ ಬಟನ್ ಸವೆದಿತ್ತು, ಆದರೆ ಪೂರ್ತಿ ಬೋಳಾಗಿರಲಿಲ್ಲ. ಅದು ಶಾಲೆ ಆರಂಭವಾಗುವ ಜೂನ್ ತಿಂಗಳು. ಮಕ್ಕಳ ಫೀಸು, ಪುಸ್ತಕ ಎಲ್ಲ ಮುಗಿದ ಮೇಲೆ ಕೈಯಲ್ಲಿ ಉಳಿದದ್ದು ಎರಡು ಟಯರಿನ ಹಣ. “ಗಾಡಿ ಎಳೆಯುವುದು ಮುಂದಿನ ಚಕ್ರ, ಹೊಸದು ಅಲ್ಲಿಯೇ ಇರಬೇಕು” ಎಂದು ಅಂಗಡಿಯವರು ಎರಡನ್ನೂ ಮುಂದಕ್ಕೆ ಹಾಕಿಕೊಟ್ಟರು. ನಮಗೂ ಆ ಮಾತು ಸರಿಯೆನಿಸಿತು.

ಮರುವಾರ ಹಾನಗಲ್ಲಿನಲ್ಲಿ ಮದುವೆ ಮುಗಿಸಿ ಹಂಸಭಾವಿಗೆ ಮರಳುತ್ತಿದ್ದೆವು. ಜೋರು ಮಳೆ. ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ಇದ್ದಕ್ಕಿದ್ದಂತೆ ಪಕ್ಕಕ್ಕೆ ಜಾರಿತು. ನಮ್ಮ ಮನೆಯವರು ಸ್ಟೇರಿಂಗ್ ತಿರುಗಿಸುತ್ತಲೇ ಇದ್ದರು, ಕಾರು ಕೇಳಲಿಲ್ಲ. ಅದು ರಸ್ತೆಗೆ ಅಡ್ಡವಾಗಿ ನಿಂತಾಗ ಹಿಂದಿನ ಸೀಟಿನಲ್ಲಿ ಅತ್ತೆ ನನ್ನ ಮಗಳನ್ನು ಅವುಚಿಕೊಂಡು ಕೂತಿದ್ದರು. ಆ ಹೊತ್ತಿನಲ್ಲಿ ಎದುರಿನಿಂದ ಯಾವ ಬಸ್ಸೂ ಬರಲಿಲ್ಲ. ನಾವು ಉಳಿದದ್ದು ಅದರಿಂದಲೇ.

ಮರುದಿನ ಊರಿನ ಪಂಕ್ಚರ್ ಅಂಗಡಿಯ ಹಿರಿಯರು ಚಕ್ರಗಳನ್ನು ನೋಡಿ ಹೇಳಿದರು: “ಅಕ್ಕೋರ, ಹೊಸಾವು ಹಿಂದ ಇರಬೇಕ್ರಿ. ಮುಂದಿನ ಗಾಲಿ ಜಾರಿದ್ರ ಕೈಯಾಗ ಸ್ಟೇರಿಂಗ್ ಐತಿ. ಹಿಂದಿನ ಗಾಲಿ ಜಾರಿದ್ರ ಕೈಯಾಗ ಏನೈತಿ?”

ಎಷ್ಟು ಸರಳ ಮಾತು! ಟಯರಿನ ಮೇಲಿನ ಕಾಲುವೆಗಳು ಇರುವುದು ನೀರನ್ನು ಹೊರಗೆ ತಳ್ಳಲಿಕ್ಕೆ. ಅವು ಸವೆದರೆ ನೀರು ಹೊರಹೋಗದೆ ಟಯರ್ ನೀರಿನ ಮೇಲೆ ತೇಲುತ್ತದೆ. ಮುಂದಿನ ಚಕ್ರ ತೇಲಿದರೆ ಕಾರು ತಿರುಗದೆ ನೇರಕ್ಕೆ ಹೋಗುತ್ತದೆ. ಸ್ಟೇರಿಂಗ್ ಹಗುರಾದದ್ದು ಕೈಗೆ ತಿಳಿಯುತ್ತದೆ, ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿದರೆ ಸಾಮಾನ್ಯವಾಗಿ ಹಿಡಿತ ಮರಳುತ್ತದೆ. ಹಿಂದಿನ ಚಕ್ರ ತೇಲಿದರೆ ಕಾರು ಬುಗುರಿಯಂತೆ ಸುತ್ತುತ್ತದೆ, ಅದನ್ನು ತಡೆಯುವುದು ಅನುಭವಿಗಳಿಗೂ ಕಷ್ಟ. ಆದ್ದರಿಂದಲೇ ಮಿಶೆಲಿನ್‌ನಂತಹ ದೊಡ್ಡ ಕಂಪೆನಿಗಳೂ ಎರಡೇ ಹೊಸ ಟಯರ್ ಕೊಂಡರೆ ಅವನ್ನು ಹಿಂದಕ್ಕೆ ಹಾಕಿಸಿ ಎನ್ನುತ್ತವೆ. ಎಂಜಿನ್ ಮುಂದಿನ ಚಕ್ರವನ್ನು ಎಳೆಯಲಿ, ಹಿಂದಿನದನ್ನು ತಳ್ಳಲಿ, ಮಾತು ಒಂದೇ.

ಹಾಗೆಂದು ಮುಂದಿನ ಟಯರ್ ಬೋಳಾಗಿದ್ದರೂ ನಡೆದೀತು ಎಂದುಕೊಳ್ಳಬೇಡಿ. ಬ್ರೇಕ್ ಒತ್ತಿದಾಗ ಹೆಚ್ಚಿನ ಭಾರ ಬೀಳುವುದು ಮುಂದಕ್ಕೇ. ಕಾಲುವೆಯ ಒಳಗೆ ಸಣ್ಣ ದಿಮ್ಮಿಗಳಂತಹ ಗುರುತುಗಳಿರುತ್ತವೆ. ಬಟನ್ ಸವೆದು ಅವುಗಳ ಮಟ್ಟಕ್ಕೆ ಇಳಿಯಿತೆಂದರೆ ಉಳಿದದ್ದು ಕೇವಲ 1.6 ಮಿಲಿಮೀಟರ್. ಅಲ್ಲಿಗೆ ಆ ಟಯರಿನ ಆಯುಷ್ಯ ಮುಗಿಯಿತು. ನಾಲ್ಕೂ ಆ ಮಟ್ಟಕ್ಕೆ ಬಂದಿದ್ದರೆ ಎರಡು ಕೊಂಡು ಸಮಾಧಾನಪಡುವಂತಿಲ್ಲ.

ಇನ್ನು ಬೆರಕೆಯ ವಿಷಯ. ಎತ್ತಿನ ಗಾಡಿಯ ಅಚ್ಚಿಗೆ ಒಂದು ದೊಡ್ಡ, ಒಂದು ಸಣ್ಣ ಗಾಲಿ ಹಾಕುವವರುಂಟೇ? ಕಾರಿಗೂ ಅದೇ ನ್ಯಾಯ. ಒಂದೇ ಅಚ್ಚಿನ ಎರಡೂ ಟಯರುಗಳ ಅಳತೆ, ಕಂಪೆನಿ, ಬಟನ್ ವಿನ್ಯಾಸ ಒಂದೇ ಆಗಿರಲಿ, ಸವಕಳಿಯೂ ಹೆಚ್ಚುಕಡಿಮೆ ಸಮನಾಗಿರಲಿ. ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ. ಹಳೆಯ ಜೀಪುಗಳಲ್ಲಿ ರೇಡಿಯಲ್ ಅಲ್ಲದ ಟಯರುಗಳೂ ಇರುತ್ತವೆ. ಒಂದೇ ಅಚ್ಚಿಗೆ ಈ ಎರಡು ಜಾತಿಯನ್ನು ಎಂದೂ ಸೇರಿಸಬಾರದು. ಮುಂದೊಂದು ಜಾತಿ, ಹಿಂದೊಂದು ಜಾತಿ ಹಾಕುವ ಅನಿವಾರ್ಯ ಬಂದರೆ ರೇಡಿಯಲ್ ಹಿಂದೆಯೇ ಇರಬೇಕು. ಒಂದೇ ಟಯರ್ ಒಡೆದು ಒಂದನ್ನೇ ಕೊಂಡಿರಾ? ಉಳಿದವುಗಳಲ್ಲಿ ಅತಿ ಕಡಿಮೆ ಸವೆದದ್ದರೊಂದಿಗೆ ಜೋಡಿ ಮಾಡಿ ಹಿಂದಕ್ಕೆ ಹಾಕಿಸಿ.

ಅಂಗಡಿಯಲ್ಲಿ ನೀವೇ ಓದಬೇಕಾದದ್ದೂ ಇದೆ. ಟಯರಿನ ಪಕ್ಕದಲ್ಲಿ 145/80 ಆರ್ 12 74 ಟಿ ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಅಗಲ 145 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇಕಡಾ 80, ‘ಆರ್’ ಎಂದರೆ ರೇಡಿಯಲ್, ಒಳಗಿನ ಡಿಸ್ಕ್ 12 ಇಂಚು. 74 ಎಂದರೆ ಒಂದು ಟಯರ್ 375 ಕಿಲೋ ಭಾರ ಹೊರಬಲ್ಲದು. ‘ಟಿ’ ಅದರ ವೇಗದ ಮಿತಿ. ನಿಮ್ಮ ಕಾರಿನ ಪುಸ್ತಕದಲ್ಲಿರುವ ಅಳತೆಯೇ ಇದೆಯೇ, ಭಾರದ ಸಂಖ್ಯೆ ಅದಕ್ಕಿಂತ ಕಡಿಮೆಯಿಲ್ಲವೇ ಎಂದು ನೋಡಿ. ಅಲ್ಲೇ ಮೊಟ್ಟೆಯಾಕಾರದ ಗುರುತಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 1624 ಎಂದಿದ್ದರೆ 2024ನೇ ಇಸವಿಯ 16ನೇ ವಾರ ತಯಾರಾದದ್ದು. ಹೊಸದೆಂದು ಕೊಡುವ ಟಯರ್ ಗೋದಾಮಿನಲ್ಲೇ ಮುದಿಯಾಗಿರಬಾರದಷ್ಟೇ! ಬಟನ್ ಚೆನ್ನಾಗಿದ್ದರೂ ರಬ್ಬರ್ ವರ್ಷಗಳು ಕಳೆದಂತೆ ಬಿರುಸಾಗಿ ಬಿರುಕು ಬಿಡುತ್ತದೆ. ಐದು ವರ್ಷ ದಾಟಿದ ಟಯರನ್ನು ಪ್ರತಿವರ್ಷ ತಿಳಿದವರಿಗೆ ತೋರಿಸಬೇಕು.

ಇನ್ನೊಂದು ಉಳಿತಾಯದ ಮಾತು. ಮುಂದಿನ ಚಕ್ರಗಳೇ ಎಳೆಯುವ ಕಾರಿನಲ್ಲಿ ಮುಂದಿನ ಟಯರ್ ಬೇಗ ಸವೆಯುತ್ತದೆ. ಸುಮಾರು 8-10 ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಿಸುತ್ತಾ ಬಂದರೆ ನಾಲ್ಕೂ ಸಮನಾಗಿ ಸವೆಯುತ್ತವೆ. ಒಟ್ಟಿಗೆ ಕೊಳ್ಳುವ ದಿನಕ್ಕಾಗಿ ತಿಂಗಳ ಖರ್ಚಿನಲ್ಲಿ ಸ್ವಲ್ಪ ಸ್ವಲ್ಪ ಎತ್ತಿಡಬಹುದು. ಅದು ನಮಗೆ ಗೊತ್ತಿರುವ ವಿದ್ಯೆಯೇ ಅಲ್ಲವೇ?

ನಾವು ಆ ಎರಡು ಹೊಸ ಟಯರುಗಳನ್ನು ಅದೇ ದಿನ ಹಿಂದಕ್ಕೆ ಹಾಕಿಸಿದೆವು. ತಗಲಿದ್ದು ಅರ್ಧ ಗಂಟೆ, ಜೊತೆಗೆ ಅಲ್ಪ ಕೂಲಿ. ಮುಂದಿನ ಸಲ ಟಯರಿನ ಹಣ ಎಣಿಸಿ ಕೊಡುವಾಗ ನೀವೂ ಒಂದು ಮಾತು ಕೇಳಿ: “ಹೊಸದು ಹಿಂದಕ್ಕೇ ತಾನೇ?”