ಸರ್ಕಾರಕ್ಕೊಂದು ವಾಯಿದೆ, ರೈತನಿಗೊಂದು ವಾಯಿದೆ!



ಪಕ್ಕದ ಹೊಲದವನಿಗೆ ಪ್ರಾನೋಟು ಬರೆಸಿಕೊಂಡು ಸಾಲ ಕೊಟ್ಟಿದ್ದೀರಿ ಅಂತಿಟ್ಟುಕೊಳ್ಳಿ. 3 ವರ್ಷದೊಳಗೆ ದಾವಾ ಹಾಕದಿದ್ದರೆ ಅದು ರದ್ದಿ ಕಾಗದ. ನಿಮ್ಮ ಜಮೀನನ್ನು ಇನ್ನೊಬ್ಬ ತನ್ನದೇ ಎಂದು ರಾಜಾರೋಷವಾಗಿ 12 ವರ್ಷ ಉತ್ತು ಬಿತ್ತಿದರೂ ನೀವು ಸುಮ್ಮನಿದ್ದರೆ ನಿಮ್ಮ ಹಕ್ಕೇ ಹೋಯಿತು. 1963ರ ಕಾಲಮಿತಿ ಕಾಯ್ದೆ ಹೇಳುವುದು ಇದನ್ನೇ. ಮಲಗಿದವನಿಗೆ ಕಾನೂನಿಲ್ಲ. ಒಪ್ಪೋಣ.

ಅದೇ ಕಾಯ್ದೆಯ ಪಟ್ಟಿಯಲ್ಲಿ 112ನೇ ಕಲಮು ನೋಡಿ. ದಾವಾ ಹಾಕುವುದು ಸರ್ಕಾರವಾದರೆ 30 ವರ್ಷ! 1908ರ ಕಾಯ್ದೆಯಲ್ಲಿ 60 ಇತ್ತು. ದೊರೆಯ ಮೇಲೆ ಕಾಲ ಓಡುವುದಿಲ್ಲ ಎಂಬುದು ಇಂಗ್ಲೆಂಡಿನ ಅರಸರ ಕಾಲದ ನ್ಯಾಯ. ಅರಸರು ಹೋದರು, ಬ್ರಿಟಿಷರೂ ಹೋದರು. ಅರ್ಧ ನ್ಯಾಯ ನಮ್ಮ ತಲೆಯ ಮೇಲೇ ಉಳಿಯಿತು.

ಸರ್ಕಾರದ ಸ್ವತ್ತು ಜನರ ಸ್ವತ್ತು, ನೌಕರರ ಸೋಮಾರಿತನಕ್ಕೆ ಅದು ಹಾಳಾಗಬಾರದು ಅಂತಾರೆ. ಹಾಗಾದರೆ ಸೋಮಾರಿಯನ್ನು ಹಿಡಿದು ಕೇಳಿ! ಕಚೇರಿಯಲ್ಲಿ ಕಡತ ನಿದ್ದೆ ಮಾಡಿದ್ದಕ್ಕೆ ರೈತ ಯಾಕೆ ದಂಡ ತೆರಬೇಕು? 30 ವರ್ಷದ ಮೇಲೆ ನೋಟೀಸು ಬಂದರೆ ಅಪ್ಪ ಕಟ್ಟಿದ ರಸೀದಿ ಗೆದ್ದಲ ಹೊಟ್ಟೆಯಲ್ಲಿರುತ್ತದೆ. ಸಾಕ್ಷಿ ಹೇಳಬೇಕಾದ ಗ್ರಾಮಲೆಕ್ಕಿಗ ಬದುಕಿರುವುದಿಲ್ಲ. ನಿಮಗೆ ಸರ್ಕಾರ ದುಡ್ಡು ಕೊಡಬೇಕಿದ್ದರೋ? ಸಾಮಾನ್ಯವಾಗಿ 2 ತಿಂಗಳ ಮುಂಗಡ ನೋಟೀಸು ಕೊಡಬೇಕು, ವಾಯಿದೆ ಮಾತ್ರ ಅದೇ 3 ವರ್ಷ. ಇದು ಯಾವ ತಕ್ಕಡಿ?

ಕೋರ್ಟಿಗೂ ಈ ಸಬೂಬು ಸಾಕಾಗಿದೆ. 2012ರಲ್ಲಿ ಅಂಚೆ ಇಲಾಖೆ 427 ದಿನ ತಡವಾಗಿ ಮೇಲ್ಮನವಿ ತಂದಾಗ, ಕಾಲಮಿತಿ ಸರ್ಕಾರವನ್ನೂ ಕಟ್ಟಿಹಾಕುತ್ತದೆ ಎಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ವಾಯಿದೆ ಮೀರಿದ ಸಾಲವನ್ನು ಕಂದಾಯ ಬಾಕಿಯ ದಾರಿ ಹಿಡಿದು ವಸೂಲು ಮಾಡುವಂತಿಲ್ಲ ಎಂದು 1999ರಲ್ಲೇ ಕೇರಳದ ಮೊಕದ್ದಮೆಯಲ್ಲಿ ಹೇಳಿತ್ತು. ಆದರೂ 112ನೇ ಕಲಮು ಅಲ್ಲಾಡಿಲ್ಲ.

ಅಲ್ಲಿವರೆಗೆ ಒಂದು ಎಚ್ಚರ. ಸಾಲಿಗ ಯಾರೇ ಇರಲಿ, ಓದದೆ ಸಹಿ ಹಾಕಬೇಡಿ. ವಾಯಿದೆ ಮುಗಿಯುವ ಮುಂಚೆ 'ಬಾಕಿ ಇದೆ' ಎಂದು ಸಹಿ ಮಾಡಿದರೆ ಲೆಕ್ಕ ಮತ್ತೆ ಮೊದಲಿನಿಂದ ಶುರು. ಮುಗಿದ ಮೇಲೆ 'ಕೊಡುತ್ತೇನೆ' ಎಂದು ಬರೆದುಕೊಟ್ಟರೆ ಸತ್ತ ಸಾಲಕ್ಕೂ ಜೀವ ಬರುತ್ತದೆ. ರಸೀದಿ, ಪಹಣಿ ಜೋಪಾನ ಮಾಡಿ; ನೋಟೀಸು ಬಂದರೆ ಮೊದಲು ತಾರೀಖು ನೋಡಿ, ಆಮೇಲೆ ವಕೀಲರನ್ನು ನೋಡಿ.

ನಾವು ದಯೆ ಕೇಳುತ್ತಿಲ್ಲ. ನಮಗೆ 3 ಆದರೆ ಸರ್ಕಾರಕ್ಕೂ 3, ನಮಗೆ 12 ಆದರೆ ಸರ್ಕಾರಕ್ಕೂ 12. ಓಟು ಕೇಳಲು ಬಂದವರನ್ನು ಕಟ್ಟೆಯ ಮೇಲೆ ಕೂರಿಸಿ ಕೇಳಿ: 112ನೇ ಕಲಮು ತೆಗೆಸುತ್ತೀರೋ, ಇಲ್ಲವೋ?