ಪೈರೇಟೆಡ್ ಸಾಫ್ಟ್‌ವೇರ್: ಪುಕ್ಕಟೆ ಎನಿಸಿದರೂ ಬೆಲೆ ತೆತ್ತಿದ್ದು ಕನ್ನಡ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮನೆ, ಅಂಗಡಿ, ಸಣ್ಣ ಕಚೇರಿಗಳಲ್ಲಿ ಇಂದಿಗೂ ಚೆನ್ನಾಗಿ ಓಡುತ್ತಿರುವ ಎಷ್ಟೋ ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಹಾಕಿಸಿಕೊಳ್ಳುವ ಅರ್ಹತೆ ಇಲ್ಲ. ಸುರಕ್ಷತೆಯ ಅಪ್‌ಡೇಟ್‌ಗಳನ್ನು ಕೆಲಕಾಲ ವಿಸ್ತರಿಸಿಕೊಳ್ಳಬಹುದು, ಅದು ತಾತ್ಕಾಲಿಕ. ಹೊಸ ಕಂಪ್ಯೂಟರ್ ಕೊಳ್ಳಲಾಗದವರಿಗೆ ಸುಲಭವಾಗಿ ಕಾಣುವ ದಾರಿ ಒಂದೇ: ಯಾರೋ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿಕೊಡುವ, ‘ಕ್ರ್ಯಾಕ್’ ಮಾಡಿದ ಪ್ರತಿ.

ಇದು ಹೊಸ ಅಭ್ಯಾಸವೇನಲ್ಲ. ತಂತ್ರಾಂಶ ಕಂಪನಿಗಳ ಒಕ್ಕೂಟವಾದ ಬಿಎಸ್‌ಎ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 2017ರಲ್ಲಿ ಭಾರತದ ಕಂಪ್ಯೂಟರ್‌ಗಳಲ್ಲಿದ್ದ ತಂತ್ರಾಂಶಗಳಲ್ಲಿ ಶೇ 56ರಷ್ಟು ಪರವಾನಗಿ ಇಲ್ಲದವು. ಮಾರುವವರೇ ಮಾಡಿಸಿದ ಲೆಕ್ಕವಾದ್ದರಿಂದ ಅಂಕಿಯನ್ನು ಸ್ವಲ್ಪ ಎಚ್ಚರದಿಂದಲೇ ನೋಡಬೇಕು. ಆದರೂ ಕದ್ದ ಪ್ರತಿ ಇಲ್ಲಿ ಎಷ್ಟು ಸಹಜ ಎಂಬುದನ್ನು ಯಾವ ಡಿಟಿಪಿ ಅಂಗಡಿಗೆ ಕಾಲಿಟ್ಟರೂ ತಿಳಿಯಬಹುದು.

ಕಾನೂನು ಮತ್ತು ವೈರಸ್

1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಕದ್ದ ಪ್ರತಿ ಎಂದು ತಿಳಿದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ವ್ಯಾಪಾರಕ್ಕಾಗಿ ಬಳಸಿಲ್ಲ ಎಂದಾದರೆ ನ್ಯಾಯಾಲಯವು ಸೆರೆವಾಸ ಬಿಟ್ಟು, 50 ಸಾವಿರ ರೂಪಾಯಿವರೆಗಿನ ದಂಡಕ್ಕೇ ಮುಗಿಸಬಹುದು.

ಸಾಮಾನ್ಯ ಬಳಕೆದಾರರಿಗೆ ಪೊಲೀಸರಿಗಿಂತ ಹತ್ತಿರದ ಅಪಾಯವೆಂದರೆ ವೈರಸ್. ಕ್ರ್ಯಾಕ್ ಹಾಕುವಾಗ ಮೊದಲ ಸೂಚನೆಯೇ ‘ಆ್ಯಂಟಿವೈರಸ್ ಆಫ್ ಮಾಡಿ’ ಎಂದಿರುತ್ತದೆ. ಕಡತಗಳನ್ನು ಲಾಕ್ ಮಾಡಿ ಹಣ ಕೇಳುವ ‘ಸ್ಟಾಪ್/ಡಿಜೆವಿಯು’ ಎಂಬ ರ‍್ಯಾನ್ಸಮ್‌ವೇರ್ ಮುಖ್ಯವಾಗಿ ಹರಡಿದ್ದು ಇಂಥ ಕ್ರ್ಯಾಕ್‌ಗಳ ಮೂಲಕವೇ. ಹತ್ತು ವರ್ಷದ ಲೆಕ್ಕಪತ್ರವೋ ಮದುವೆ ಫೋಟೋಗಳೋ ಇರುವ ಕಂಪ್ಯೂಟರ್‌ಗೆ ಇದು ಸಣ್ಣ ಅಪಾಯವಲ್ಲ.

ಕದ್ದರೂ ಕಂಪನಿಗೇ ಲಾಭ

‘ದೊಡ್ಡ ಕಂಪನಿಗೆ ಇದರಿಂದ ಏನೂ ನಷ್ಟವಿಲ್ಲ’ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. 1998ರಲ್ಲಿ ಬಿಲ್ ಗೇಟ್ಸ್ ಚೀನಾದ ಬಗ್ಗೆ ಮಾತನಾಡುತ್ತಾ, ಜನ ಕದಿಯುವುದೇ ಆದರೆ ನಮ್ಮದನ್ನೇ ಕದಿಯಲಿ, ಅವರಿಗೆ ಅದರ ಚಟ ಹತ್ತುತ್ತದೆ, ಹಣ ವಸೂಲು ಮಾಡುವ ದಾರಿಯನ್ನು ಮುಂದೆ ಕಂಡುಕೊಳ್ಳುತ್ತೇವೆ ಎಂಬರ್ಥದ ಮಾತು ಆಡಿದ್ದರು. ಕದ್ದ ಪ್ರತಿಯ ಅರ್ಥಶಾಸ್ತ್ರ ಇದರಲ್ಲೇ ಇದೆ. ಕದ್ದ ಪ್ರತಿಯಲ್ಲಿ ಕಲಿತವರು ನಾಳೆ ಕೆಲಸಕ್ಕೆ ಸೇರಿದಾಗ ಕೇಳುವುದು ಅದೇ ತಂತ್ರಾಂಶವನ್ನು. ಅವರು ಕಳಿಸುವ ಕಡತ ತೆರೆಯಲು ಎದುರಿನವರಿಗೂ ಅದೇ ಬೇಕು. ಪೈರಸಿ ಏಕಸ್ವಾಮ್ಯವನ್ನು ಮುರಿಯುವುದಿಲ್ಲ, ಅದಕ್ಕೆ ಪುಕ್ಕಟೆ ಪ್ರಚಾರ ಕೊಡುತ್ತದೆ.

ಪೇಜ್‌ಮೇಕರ್ ಕಲಿಸಿದ ಪಾಠ

ಈ ಚಟದ ಬೆಲೆಯನ್ನು ಕನ್ನಡ ಬೇರೆಯೇ ರೀತಿಯಲ್ಲಿ ತೆತ್ತಿದೆ. ಅಡೋಬಿ ಕಂಪನಿಯ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಹೊರಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಅರ್ಥವಾಗುವುದಿಲ್ಲ. 1991ರಲ್ಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ, ಅಚ್ಚುಕೂಟದ ಕಂಪ್ಯೂಟರ್‌ಗಳಲ್ಲಿ ಕೂತಿದ್ದ ಈ ಹಳೆಯ ತಂತ್ರಾಂಶಕ್ಕಾಗಿ ಪಠ್ಯವನ್ನು ನುಡಿ, ಬರಹ, ಶ್ರೀಲಿಪಿಯಂಥವುಗಳ ಹಳೆಯ ಫಾಂಟ್‌ಗಳಲ್ಲೇ ಕೂಡಿಸಬೇಕಾಯಿತು. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳು ಕೂತಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದೇ ಪಠ್ಯ ಕಲಸುಮೇಲೋಗರ.

ಹೀಗೆ ಕೂಡಿಸಿದ ಪುಸ್ತಕ, ಪತ್ರಿಕೆಗಳ ಪಠ್ಯ ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಮೊಬೈಲ್‌ನಲ್ಲಿ ತೆರೆಯುವುದಿಲ್ಲ, ದೃಷ್ಟಿಹೀನರು ಬಳಸುವ ಸ್ಕ್ರೀನ್ ರೀಡರ್‌ಗೂ ಓದಲು ಬರುವುದಿಲ್ಲ. ಮುಂಬೈ, ಪುಣೆ, ಹೈದರಾಬಾದ್‌ಗಳ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳನ್ನು ಹೊಸದಾಗಿ ಇ-ಪುಸ್ತಕ ಮಾಡಹೊರಟರೆ ಮೊದಲು ಎದುರಾಗುವ ತೊಡಕೂ ಇದೇ. ಹಳೆಯ ತಂತ್ರಾಂಶ ಪುಕ್ಕಟೆಯಾಗಿ ಕೈಗೆ ಸಿಗುತ್ತಿದ್ದಷ್ಟು ಕಾಲ ಹೊಸದಕ್ಕೆ ಬದಲಾಗುವ ಒತ್ತಡವೇ ಹುಟ್ಟಲಿಲ್ಲ.

ಮುಕ್ತ ತಂತ್ರಾಂಶದ ದಾರಿ

ಮುಕ್ತ ತಂತ್ರಾಂಶ ಎಂದರೆ ಉಚಿತ ತಂತ್ರಾಂಶ ಎಂದಷ್ಟೇ ಅಲ್ಲ. ಬಳಸುವ, ಒಳಗಿನ ಕೋಡ್ ನೋಡುವ, ತಿದ್ದುವ, ಇನ್ನೊಬ್ಬರಿಗೆ ಹಂಚುವ ಹಕ್ಕು ಬಳಕೆದಾರರದ್ದೇ ಆಗಿರುತ್ತದೆ. ಕನ್ನಡದಂಥ ಭಾಷೆಗೆ ಈ ಹಕ್ಕೇ ಮುಖ್ಯ; ಒತ್ತಕ್ಷರ ತಪ್ಪಾಗಿ ಮೂಡಿದರೆ ಕಂಪನಿಯ ಕೃಪೆಗೆ ಕಾಯಬೇಕಿಲ್ಲ, ಬಲ್ಲವರು ತಿದ್ದಬಹುದು. ಕನ್ನಡ ಅಕ್ಷರಗಳನ್ನು ಸರಿಯಾಗಿ ಜೋಡಿಸುವ ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶ ಇಂದು ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳ ಒಳಗೆ ಕೆಲಸ ಮಾಡುತ್ತಿದೆ. 2024ರ ಜನವರಿಯಲ್ಲಿ ಬಂದ ಸ್ಕ್ರೈಬಸ್ 1.6ರಲ್ಲೂ ಅದೇ ಇರುವುದರಿಂದ ಯೂನಿಕೋಡ್ ಕನ್ನಡದಲ್ಲೇ ಪುಟವಿನ್ಯಾಸ ಮಾಡಿ ಮುದ್ರಣಕ್ಕೆ ಪಿಡಿಎಫ್ ಕೊಡಬಹುದು. ಗುಬ್ಬಿ, ನವಿಲು, ಲೋಹಿತ್, ನೋಟೋ, ಮುಂಬೈನ ಏಕ್ ಟೈಪ್ ತಂಡದ ಬಲೂ ತಮ್ಮ ಮುಂತಾದ ಮುಕ್ತ ಫಾಂಟ್‌ಗಳಿವೆ. ದೃಷ್ಟಿಹೀನರಿಗೆ ಎನ್‌ವಿಡಿಎ ಎಂಬ ಮುಕ್ತ ಸ್ಕ್ರೀನ್ ರೀಡರ್ ಇದೆ.

ಇವು ಹವ್ಯಾಸಿಗಳ ಆಟಿಕೆ ಎನ್ನುವ ಕಾಲ ಮುಗಿದಿದೆ. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಪಡೆದ ‘ಫ್ಲೋ’ ತಯಾರಾದದ್ದು ಬ್ಲೆಂಡರ್ ಎಂಬ ಮುಕ್ತ ತಂತ್ರಾಂಶದಲ್ಲಿ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸ್‌ನಲ್ಲಿ. ಸರ್ಕಾರಿ ಕೆಲಸಕ್ಕೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಎಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ.

ಕೊರತೆಗಳೂ ಇವೆ

ಆದರೆ ಎಲ್ಲರಿಗೂ ನಾಳೆಯೇ ಬದಲಾಗಿ ಎನ್ನುವುದು ಸುಳ್ಳು ಭರವಸೆ. ನಾಲ್ಕು ಬಣ್ಣದ ಮುದ್ರಣಕ್ಕೆ ಬೇಕಾದ ಸಿಎಂವೈಕೆ ಕೆಲಸ ಗಿಂಪ್‌ನಲ್ಲಿ ಫೋಟೋಶಾಪ್‌ನಷ್ಟು ಸರಾಗವಲ್ಲ. ಪೇಜ್‌ಮೇಕರ್ ಕಡತ ಸ್ಕ್ರೈಬಸ್‌ನಲ್ಲಿ ಇದ್ದಂತೆಯೇ ತೆರೆಯುತ್ತದೆಂದು ನಂಬಿ ಕೂರುವಂತಿಲ್ಲ. ಲೆಕ್ಕಪರಿಶೋಧಕರು ಟ್ಯಾಲಿ ಕಡತವನ್ನೇ ಕೇಳಿದರೆ ಅಂಗಡಿಯವರಿಗೆ ಬೇರೆ ದಾರಿ ಇಲ್ಲ. ಅಂಥಲ್ಲಿ ಪರವಾನಗಿ ಕೊಂಡೇ ಬಳಸುವುದು ಸರಿ.

ಕಾರ್ಯಸಾಧ್ಯವಾದ ಕ್ರಮ ಬೇರೆ ಇದೆ. ಆಪರೇಟಿಂಗ್ ಸಿಸ್ಟಮ್ ಬದಲಿಸುವ ಮೊದಲು, ಈಗಿರುವ ವಿಂಡೋಸ್‌ನಲ್ಲೇ ಲಿಬ್ರೆಆಫೀಸ್, ಗಿಂಪ್, ಇಂಕ್‌ಸ್ಕೇಪ್, ಸ್ಕ್ರೈಬಸ್ ಹಾಕಿ ಕೆಲವು ತಿಂಗಳು ಬಳಸಿ ನೋಡಬಹುದು. ಕೈ ಕುದುರಿದ ಮೇಲೆ ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿದರೆ ಅದೇ ತಂತ್ರಾಂಶಗಳು ಅಲ್ಲೂ ಸಿಗುತ್ತವೆ. ಹಳೆಯ ಪಠ್ಯಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ; ಅರ್ಕಾವತ್ತು, ಒತ್ತಕ್ಷರಗಳು ಅದಲುಬದಲಾಗುವುದರಿಂದ ಒಮ್ಮೆ ಓದಿ ತಿದ್ದಬೇಕು.

ಸಂಘ ಸಂಸ್ಥೆಗಳು, ಪ್ರಕಾಶಕರು ಮಾಡಬಹುದಾದ ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಪುಸ್ತಕ ಅಚ್ಚಿಗೆ ಕೊಡುವಾಗಲೇ, ಮುದ್ರಿತ ಪ್ರತಿಗಳ ಜೊತೆ ಯೂನಿಕೋಡ್ ಪಠ್ಯದ ಕಡತವೂ ಬೇಕು ಎಂದು ಡಿಟಿಪಿ ಮಾಡುವವರಿಗೆ ಷರತ್ತು ಹಾಕಬೇಕು. ಗಿರಾಕಿಯೇ ಹಾಗೆ ಕೇಳತೊಡಗಿದರೆ 2001ರ ಕದ್ದ ಪ್ರತಿಯಲ್ಲಿ ಕೆಲಸ ಮುಂದುವರಿಸಲು ಅಂಗಡಿಯವರಿಗೂ ಕಾರಣ ಉಳಿಯುವುದಿಲ್ಲ.